ಆಸ್ಪತ್ರೆಯ ಪಂಪು, ಅಂಚೆಯ ಗಂಗಾಜಲ, ಪುಣೆಯ ಆವಿ

ಪುಣೆಯ ಗಾಳಿಯ ನೀರಾವಿಯಲ್ಲಿ ಭಾರದ ಆಮ್ಲಜನಕ (ಆಕ್ಸಿಜನ್-18), ಭಾರದ ಜಲಜನಕ (ಡ್ಯುಟೀರಿಯಂ) ಎಷ್ಟಿವೆ ಎಂದು ಲೇಸರ್ ಯಂತ್ರದಿಂದ ಅಳೆಯುವುದು ನನ್ನ ಕೆಲಸ. ಯಂತ್ರ ಸರಿಯಾಗಿ ಓದುತ್ತಿದೆಯೇ ಎಂದು ನೋಡಲು ಅದಕ್ಕೆ ಗೊತ್ತಿರುವ ಆವಿ ಉಣಿಸುವ ಕ್ಯಾಲಿಬ್ರೇಟರನ್ನು ಕೈಯಿಂದಲೇ ಮಾಡಿಕೊಂಡೆ. ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಕೋಲ್ಡ್ ಟ್ರ್ಯಾಪಿನ, ಅಂದರೆ ಆವಿಯನ್ನು ಡ್ರೈ ಐಸಿನ ತಂಪಿನಲ್ಲಿ ಹೆಪ್ಪುಗಟ್ಟಿಸಿ ಹಿಡಿಯುವ ಹಳೆಯ ವಿಧಾನದ, ಇಪ್ಪತ್ತೆಂಟು ಸೀಸೆಗಳ ಫಲಿತಾಂಶ ಕೈಗೆ ಬಂತು. ಅದೇ ಗಂಟೆಗಳ ಲೇಸರ್ ಸರಾಸರಿಯನ್ನು ಪಕ್ಕದಲ್ಲಿ ಬರೆದು ಒಂದೊಂದಾಗಿ ಕಳೆದೆ. ಆಕ್ಸಿಜನ್-18ರಲ್ಲಿ ವ್ಯತ್ಯಾಸ ಹೆಚ್ಚುಕಮ್ಮಿ 0.3 ಪರ್ಮಿಲ್ (ಸಾವಿರಕ್ಕೆ 0.3 ಪಾಲು), ಡ್ಯುಟೀರಿಯಂನಲ್ಲಿ ಎರಡರ ಒಳಗೆ. ಎರಡು ಸೀಸೆ ಮಾತ್ರ ದೂರ ಬಿದ್ದವು. ಎರಡೂ ಡ್ರೈ ಐಸ್ ನಡುವೆಯೇ ಮುಗಿದುಹೋದ ದಿನದವು, ಅಂದರೆ ತಪ್ಪು ಟ್ರ್ಯಾಪಿನದು, ನನ್ನದಲ್ಲ. ‘ಕೈಯಿಂದ ಮಾಡಿದ ಕ್ಯಾಲಿಬ್ರೇಟರು ನಂಬಿ ಪೇಪರ್ ಬರೆಯೋಕಾಗಲ್ಲ’ ಅಂತ ಮೂರು ವರ್ಷ ಹೇಳುತ್ತಲೇ ಬಂದಿದ್ದ ಹಿರಿಯರೊಬ್ಬರಿಗೆ ಆ ಹಾಳೆ ಕೊಟ್ಟೆ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು. ‘ಹೇಗೆ ಮಾಡಿದ್ರಿ ಅನ್ನೋದನ್ನ ಎಲ್ಲಾದ್ರೂ ಬರೆದಿಡಿ’ ಅಂದರು. ಬರೆಯುತ್ತಿದ್ದೇನೆ.

ರಿಂಗ್‌ಡೌನ್ ಅಂದರೆ ಕ್ಯಾವಿಟಿಯಲ್ಲಿ, ಅಂದರೆ ಕನ್ನಡಿಗಳ ಗೂಡಿನಲ್ಲಿ, ಸಿಕ್ಕಿಸಿದ ಲೇಸರ್ ಬೆಳಕು ಎಷ್ಟು ಬೇಗ ಆರುತ್ತದೆ ಎಂದು ನೋಡಿ ಆವಿಯನ್ನು ಅಳೆಯುವುದು. ಡೆಲ್ಟಾ ಅಂದರೆ ಭಾರದ ಪರಮಾಣುಗಳ ಪಾಲು ಸ್ಟ್ಯಾಂಡರ್ಡ್ ನೀರಿಗಿಂತ ಸಾವಿರಕ್ಕೆ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬ ಅಳತೆ. ಅದಕ್ಕಿಂತ ವಿವರ ಬೇಡ. ಯಂತ್ರದ ಬಗ್ಗೆಯೂ ಹೆಚ್ಚು ಹೇಳುವುದಿಲ್ಲ. ಕ್ಯಾವಿಟಿ ರಿಂಗ್‌ಡೌನ್ ಜಾತಿಯದು, ಬೆಲೆ ಎಪ್ಪತ್ತು ಲಕ್ಷದ ಆಸುಪಾಸು, ಒಳಗೆ ಕ್ಯಾವಿಟಿ 80 ಡಿಗ್ರಿಯಲ್ಲಿ ತನ್ನ ಪಾಡಿಗೆ ಕೂತಿರುತ್ತದೆ. ಅದು ಕೈಕೊಟ್ಟದ್ದು ಕಡಿಮೆ. ಕೈಕೊಟ್ಟದ್ದೆಲ್ಲ ಅದರ ಮೂಗಿನ ಮುಂದಿನ ಕೊಳವೆ, ಮತ್ತು ಗೊತ್ತಿರುವ ಡೆಲ್ಟಾದ ಆವಿಯನ್ನು ಅದಕ್ಕೆ ಸಮನಾಗಿ ಉಣಿಸುವ ಕೆಲಸ. ಯಂತ್ರದ ಜೊತೆ ಬರಬೇಕಿದ್ದ ಉಣಿಸುವ ಪೆಟ್ಟಿಗೆಯನ್ನು ಖರೀದಿ ವಿಭಾಗ ‘ಆಕ್ಸೆಸರಿ’ ಎಂದು ಪಟ್ಟಿಯಿಂದ ಹೊಡೆದುಹಾಕಿತ್ತು. ಆಮೇಲೆ ಬೇರೆಯಾಗಿ ಕೇಳಿದಾಗ ಕೊಟೇಶನ್ ಹನ್ನೆರಡು ಲಕ್ಷ ಚಿಲ್ಲರೆ, ಕಸ್ಟಮ್ಸ್ ಬೇರೆ. ನನ್ನ ಹತ್ತಿರ ಆ ವರ್ಷ ಉಳಿದಿದ್ದದ್ದು ಒಂದು ಲಕ್ಷಕ್ಕಿಂತ ಸ್ವಲ್ಪ ಕಡಿಮೆ.

ಮೊದಲ ಮಳೆಗಾಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ತಾರಸಿಯ ಕಂಬದಿಂದ ಮೂರನೇ ಮಹಡಿಯ ಕೋಣೆಗೆ ಸುಮಾರು ಹನ್ನೆರಡು ಮೀಟರ್ ಕೊಳವೆ ಬೇಕಿತ್ತು. ಬುಧವಾರ ಪೇಟೆಯಿಂದ ಕಂಪ್ರೆಸರಿಗೆ ಹಾಕುವ ನೀಲಿ ಪಿಯು (ಪಾಲಿಯುರೆಥೇನ್) ಟ್ಯೂಬು ತಂದು ಎಳೆದೆ. ಮೀಟರಿಗೆ ಇಪ್ಪತ್ತೈದು ರೂಪಾಯಿ, ಬಾಗಿಸಲು ಸಲೀಸು, ಖುಷಿಯಾಯಿತು. ಡಿ-ಎಕ್ಸೆಸ್ ನೋಡುವವರೆಗೆ ಮಾತ್ರ. ಡ್ಯುಟೀರಿಯಂ ಡೆಲ್ಟಾದಿಂದ ಆಕ್ಸಿಜನ್-18ರ ಡೆಲ್ಟಾದ ಎಂಟು ಪಟ್ಟು ಕಳೆದರೆ ಉಳಿಯುವುದೇ ಡಿ-ಎಕ್ಸೆಸ್, ಆವಿ ಎಲ್ಲಿ, ಹೇಗೆ ಎದ್ದಿತು ಎಂಬುದರ ಸುಳಿವು. ಪ್ರತಿ ಸಲ ಗಾಳಿ ಬದಲಾದಾಗಲೂ ಡಿ-ಎಕ್ಸೆಸ್‌ನಲ್ಲಿ ಕಾಲು ಗಂಟೆ ಉದ್ದದ ಒಂದು ಗೂನು. ಅರಬ್ಬೀ ಸಮುದ್ರದ ಯಾವುದೋ ರಹಸ್ಯ ಸಿಕ್ಕಿತೆಂದು ನಾನು ಒಂದು ವಾರ ಬೀಗಿದ್ದುಂಟು. ವಿದ್ಯಾರ್ಥಿನಿಯೊಬ್ಬಳು ಕೊಳವೆಯ ತುದಿಗೆ ಸ್ಟ್ಯಾಂಡರ್ಡ್ ಆವಿ, ಅಂದರೆ ಡೆಲ್ಟಾ ಗೊತ್ತಿರುವ ಆವಿ, ಕೊಟ್ಟು ತಟ್ಟನೆ ಬದಲಿಸಿ ನೋಡಿದಳು. ಬದಲಾದ ಆವಿ ಯಂತ್ರ ಮುಟ್ಟಿದ ಮೇಲೆ ಆಕ್ಸಿಜನ್-18 ಮೂರು ನಿಮಿಷಕ್ಕೆ ಜಾಗಕ್ಕೆ ಬಂತು. ಡ್ಯುಟೀರಿಯಂ ಹದಿನೈದು ನಿಮಿಷವಾದರೂ ಎಳೆಯುತ್ತಲೇ ಇತ್ತು. ಒಂದು ಬೇಗ, ಒಂದು ತಡ, ನಡುವೆ ಹುಟ್ಟಿದ್ದೇ ಗೂನು. ರಹಸ್ಯವೆಲ್ಲ ನೀಲಿ ಟ್ಯೂಬಿನ ಗೋಡೆಗೆ ಅಂಟಿದ ನೀರಿನದು.

ಪಿಎಫ್‌ಎ (ನೀರು ಅಷ್ಟಾಗಿ ಅಂಟದ ಟೆಫ್ಲಾನ್ ಜಾತಿಯ) ಟ್ಯೂಬು ತರಿಸಿದೆವು, ಮೀಟರಿಗೆ ಆರುನೂರರ ಹತ್ತಿರ. ಯಂತ್ರ ಎಳೆಯುವುದು ನಿಮಿಷಕ್ಕೆ 30-40 ಮಿಲಿಲೀಟರ್ ಅಷ್ಟೇ, ಅಷ್ಟನ್ನೇ ನಂಬಿದರೆ ತಾರಸಿಯ ಗಾಳಿ ಕೆಳಗಿಳಿಯಲು ನಾಲ್ಕೈದು ನಿಮಿಷ. ಹಾಗಾಗಿ ಪಕ್ಕದಲ್ಲಿ ಇನ್ನೊಂದು ಪಂಪು ಹಾಕಿ ನಿಮಿಷಕ್ಕೆ ಎಂಟು ಲೀಟರ್ ಹರಿಸಿದೆ. ಹೀಟಿಂಗ್ ಟೇಪ್ ಸುತ್ತಿ, ಮೇಲೆ ಎಸಿ ಪೈಪಿಗೆ ಹಾಕುವ ಕರಿ ಫೋಮು ತೊಡಿಸಿದೆ.

ಆದರೂ ಜುಲೈ ಡೇಟಾ ನನಗೆ ಸರಿಬರಲಿಲ್ಲ. ಗ್ರಾಫಿನ ತಲೆ ಚಪ್ಪಟೆ. ತಾರಸಿಯ ಸೆನ್ಸರ್ ರಾತ್ರಿ 27,500 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಆವಿಯ ಪಾಲು) ಅನ್ನುತ್ತಿದ್ದರೆ ನಮ್ಮ ಯಂತ್ರ 26,300 ದಾಟುತ್ತಲೇ ಇರಲಿಲ್ಲ, ಯಾರೋ ಮೇಲಿಂದ ಹಲಗೆ ಇಟ್ಟು ಒತ್ತಿದಂತೆ. ಯಂತ್ರದ ರೇಂಜು ಮುಗಿಯಿತೇ ಎಂದು ಕಂಪನಿಗೆ ಎರಡು ಮೇಲ್ ಹೋಯಿತು. ಒಂದು ಮಧ್ಯಾಹ್ನ ಸುಮ್ಮನೆ ಲೆಕ್ಕ ಹಾಕಿದೆ: ಪುಣೆಯ ಒತ್ತಡದಲ್ಲಿ 26,300 ಪಿಪಿಎಂ ಯಾವ ಉಷ್ಣಾಂಶಕ್ಕೆ ಸ್ಯಾಚುರೇಶನ್, ಅಂದರೆ ಆವಿ ತುಂಬಿ ಹನಿಗಟ್ಟುವ ಹಂತ? 21 ಡಿಗ್ರಿ. ಕೋಣೆಯ ಎಸಿ ಎಷ್ಟಕ್ಕಿದೆ? 21. ಟಾರ್ಚು ಹಿಡಿದು ಗೋಡೆಯ ತೂತಿನ ಹತ್ತಿರ ಬಗ್ಗಿದೆ. ಹೊರಗಿನ ಟೇಪು ತೂತಿನ ಬಾಯಿಗೆ ಮುಗಿದಿತ್ತು, ಒಳಗಿನ ಟೇಪು ಒಂದು ಗೇಣು ಆಚೆ ಶುರುವಾಗಿತ್ತು. ನಡುವಿನ ಆ ಬೋಳು ಗೇಣಿಗೆ ಎಸಿಯ ಗಾಳಿ ನೇರ ಬಡಿಯುತ್ತಿತ್ತು. ಪಾರದರ್ಶಕ ಟ್ಯೂಬಿನೊಳಗೆ ರಾಗಿಕಾಳಿನಷ್ಟು ಸಣ್ಣ ಹನಿಗಳು ಸಾಲಾಗಿ ಕೂತಿದ್ದವು, ಟಾರ್ಚಿನ ಬೆಳಕಿಗೆ ಹೊಳೆಯುತ್ತಾ. ಭಾರದ ಅಣುಗಳು ಹೆಚ್ಚಾಗಿ ಆ ಹನಿಗೆ ಇಳಿದು, ಹಗುರದ್ದೇ ಹೆಚ್ಚು ಯಂತ್ರಕ್ಕೆ. ಮಧ್ಯಾಹ್ನ ಹೊರಗೆ ಸ್ವಲ್ಪ ಒಣಗಿದೊಡನೆ ಹನಿ ಆರಿ ಉಲ್ಟಾ ಲೆಕ್ಕ. ಮೂರು ವಾರದ ಡೇಟಾ ನೀರಲ್ಲಿ ಹೋಮ. ನೀವು ಕೋಣೆ ಕಟ್ಟುವವರಾದರೆ ಆ ಗೋಡೆಯ ತೂತಿನಲ್ಲಿ ಕೈ ಹಾಕಿ ಮುಟ್ಟಿ ನೋಡಿ. ಕೈಗೆ ತಂಪು ಹತ್ತಿದರೆ ಟೇಪು ಇಲ್ಲ ಅಂತಲೇ ಅರ್ಥ.

ಕಂಬದ ತುದಿಯ ಮಳೆ ಟೊಪ್ಪಿಗೆಯೊಳಗೆ ಕುಂಬಾರ ಹುಳ ಎರಡು ಸಲ ಮಣ್ಣಿನ ಗೂಡು ಕಟ್ಟಿತು. ಈಗ ಚಹಾ ಸೋಸುವ ಸ್ಟೀಲ್ ಜರಡಿ ಕತ್ತರಿಸಿ ಹಾಕಿದ್ದೇನೆ.

ಇನ್ನು ಕ್ಯಾಲಿಬ್ರೇಟರು. ಮೊದಲು ಬಬ್ಲರ್, ಅಂದರೆ ನೀರಿನೊಳಗೆ ಗಾಳಿಯ ಗುಳ್ಳೆ ಹಾಯಿಸಿ ಆವಿ ಎಬ್ಬಿಸುವ ಸೀಸೆ, ಮಾಡಿದೆ, ಎಲ್ಲರೂ ಮಾಡುವ ಹಾಗೆ. ನೀರು ಖರ್ಚಾದಂತೆ ಡೆಲ್ಟಾ ಮೇಲೇರುತ್ತದೆ, ಉಷ್ಣಾಂಶ ಅರ್ಧ ಡಿಗ್ರಿ ಅಲುಗಿದರೂ ಲೆಕ್ಕ ತಪ್ಪುತ್ತದೆ. ಒಂದು ತಿಂಗಳಲ್ಲಿ ಕೈಬಿಟ್ಟೆ. ನೀರನ್ನು ಪೂರ್ತಿ ಆವಿ ಮಾಡಿಬಿಟ್ಟರೆ ಈ ರಗಳೆಯಿಲ್ಲ: ಒಳಗೆ ಹೋದದ್ದೆಲ್ಲ ಹೊರಗೆ ಬರಬೇಕು, ಡೆಲ್ಟಾ ಬದಲಾಗಲು ದಾರಿಯೇ ಇಲ್ಲ. ಲೆಕ್ಕವೂ ಸುಲಭ. ಒಂದು ಮೈಕ್ರೋಲೀಟರ್ ನೀರು ಸುಮಾರು 1.3 ಮಿಲಿಲೀಟರ್ ಆವಿ. ನಿಮಿಷಕ್ಕೆ 200 ಮಿಲಿಲೀಟರ್ ಒಣ ಗಾಳಿಗೆ ನಾಲ್ಕು ಮೈಕ್ರೋಲೀಟರ್ ಹಾಕಿದರೆ 26,000 ಪಿಪಿಎಂ, ಪುಣೆಯ ಮಳೆಗಾಲವೇ ಕೈಲಿದ್ದಂತೆ. ಒಂದು ಹಾಕಿದರೆ ಫೆಬ್ರವರಿಯ ಮಧ್ಯಾಹ್ನ. ಕಷ್ಟ ಇರುವುದು ನಿಮಿಷಕ್ಕೆ ನಾಲ್ಕು ಮೈಕ್ರೋಲೀಟರನ್ನು ಅಲುಗದಂತೆ ತಳ್ಳುವುದರಲ್ಲಿ.

ಮಂಗಳವಾರ ಪೇಟೆಯ ಜೂನಾ ಬಜಾರಿನಲ್ಲಿ ಆಸ್ಪತ್ರೆಯ ಸಿರಿಂಜ್ ಪಂಪು ಎರಡು ಸಿಕ್ಕವು. ಒಂದಕ್ಕೆ ಮೂರು ಸಾವಿರ ಹೇಳಿದ, ಚೌಕಾಶಿ ಮಾಡಿ ಎರಡಕ್ಕೆ ನಾಲ್ಕೂವರೆ ಕೊಟ್ಟೆ. ಪ್ಲಾಸ್ಟಿಕ್ ಸಿರಿಂಜು ಹಾಕಿ ಓಡಿಸಿದರೆ ಪಿಪಿಎಂ ಗರಗಸದ ಹಲ್ಲಿನಂತೆ ಬಂತು. ರಬ್ಬರ್ ತಲೆ ಸಿರಿಂಜಿನ ಗೋಡೆಗೆ ಕಚ್ಚಿಕೊಳ್ಳುತ್ತದೆ, ಸ್ಪ್ರಿಂಗಿನ ಹಾಗೆ ಒತ್ತಡ ಕೂಡುತ್ತದೆ, ತಟಕ್ಕನೆ ಜಾರುತ್ತದೆ. ಗಾಜಿನ 1 ಮಿಲಿ ಸಿರಿಂಜು ಬೇಕೇ ಬೇಕು. ಎರಡಕ್ಕೆ ಒಂಬತ್ತು ಸಾವಿರವಾಯಿತು. ಆದರೆ ರೋಗಿಯ ಸುರಕ್ಷತೆಗೆಂದು ಪಂಪು ಸಿರಿಂಜಿನ ದಪ್ಪ ಅಳೆಯುತ್ತದೆ, ಅಷ್ಟು ಸಪೂರದ್ದನ್ನು ಒಪ್ಪುವುದೇ ಇಲ್ಲ, ಕಿರುಚುತ್ತದೆ.

ಅದನ್ನು ಮೋಸಗೊಳಿಸಲು ಭೋಸರಿಯ ಕೈಗಾರಿಕಾ ಪ್ರದೇಶಕ್ಕೆ (ಎಂಐಡಿಸಿ) ಹೋದೆ. ಅಲ್ಲೊಬ್ಬರು ಇಂಡಿ ಕಡೆಯವರು, ಲೇಥ್ ಇಟ್ಟುಕೊಂಡಿದ್ದಾರೆ. ಕೈ ಅಂದರೆ ಕೈ. ಪಂಪನ್ನು ಮೇಜಿನ ಮೇಲಿಟ್ಟದ್ದೇ ಕೇಳಿದರು: ‘ದವಾಖಾನಿ ಮಷೀನ್ ತಂದೀರಲ್ರೀ ಸರ, ಯಾರಿಗೆ ಆರಾಮಿಲ್ಲ?’

‘ಯಾರಿಗೂ ಏನಾಗಿಲ್ರೀ. ಹವಾದಾಗಿನ ನೀರು ಅಳಿಯೂದದ.’

‘ನಮ್ಮೂರಾಗ ನೆಲದಾಗಿನ ನೀರ ಸಿಗವಲ್ದು, ನೀವು ಹವಾದಾಗ ಹುಡುಕಾಕತ್ತೀರಿ’ ಅಂದು ನಕ್ಕರು. ಚಹಾ ಬರುವಷ್ಟರಲ್ಲಿ ನೈಲಾನಿನ ತೋಳು ಕಡೆದುಕೊಟ್ಟರು: ಹೊರಗಿನ ದಪ್ಪ 10 ಮಿಲಿ ಸಿರಿಂಜಿನದು, ಒಳಗಿನ ತೂತು ನನ್ನ ಗಾಜಿನದು. ಪಂಪು ಈಗ 10 ಮಿಲಿ ಕೂತಿದೆ ಎಂದೇ ತಿಳಿದಿದೆ. ಗಂಟೆಗೆ 2.5 ಮಿಲಿಲೀಟರ್ ಎಂದು ಒತ್ತಿದರೆ ನಿಜಕ್ಕೆ ಹೋಗುವುದು ಹತ್ತನೆಯ ಒಂದು ಪಾಲಿಗಿಂತ ತುಸು ಕಡಿಮೆ, ಅಂದರೆ ನಿಮಿಷಕ್ಕೆ ಹತ್ತಿರ ಹತ್ತಿರ ನಾಲ್ಕು ಮೈಕ್ರೋಲೀಟರ್. ಮಜೂರಿ ಕೇಳಿದರೆ ‘ಮುನ್ನೂರು ಕೊಡ್ರಿ’ ಅಂದರು. ಆಮೇಲೆ ಆವಿ ಮಾಡುವ ಅಲ್ಯೂಮಿನಿಯಂ ಗಟ್ಟಿಯನ್ನೂ ಅವರೇ ಕೊರೆದರು. ನಡುವೆ ಸ್ಟೀಲಿನ ಟಿ (ಮೂರು ಬಾಯಿಯ ಕೊಳವೆ), ಎರಡು ಬದಿ ಕಾರ್ಟ್ರಿಜ್ ಹೀಟರು, ಉಷ್ಣಾಂಶ ಅಲುಗದಂತೆ ಹಿಡಿಯಲು ಒಂದು ಪಿಐಡಿ ಕಂಟ್ರೋಲರು. ಎಲ್ಲ ಸೇರಿ ಆರು ಸಾವಿರ ದಾಟಲಿಲ್ಲ.

ನೀರು ಒಯ್ಯುವ ಸಪೂರ ನಳಿಕೆ ಪಕ್ಕದ ಲ್ಯಾಬಿನವರು ಬಿಸಾಡಿದ ಜಿಸಿ (ಗ್ಯಾಸ್ ಕ್ರೊಮಾಟೋಗ್ರಾಫ್) ಗಾರ್ಡ್ ಕಾಲಮ್ಮಿನ ತುಂಡು, ಒಳಲೇಪ ಇಲ್ಲದ್ದು. ಗಟ್ಟಿಯನ್ನು ಮೊದಲು 170 ಡಿಗ್ರಿಗೆ ಕಾಯಿಸಿದೆ, ಬೇಗ ಆವಿಯಾಗಲಿ ಅಂತ. ನೀರು ನಳಿಕೆಯೊಳಗೇ ಕುದಿದು ಒಗ್ಗರಣೆಯ ಸಾಸಿವೆಯಂತೆ ಸಿಡಿಯತೊಡಗಿತು. 110ಕ್ಕೆ ಇಳಿಸಿದರೆ ತುದಿಯಲ್ಲಿ ಹನಿ ತೂಗಿ, ಬಿದ್ದಾಗೊಮ್ಮೆ ಗ್ರಾಫ್ ಎಗರುತ್ತಿತ್ತು. ಕೊನೆಗೆ 140ರ ಸುತ್ತ ನಿಂತೆ. ಉಷ್ಣಾಂಶಕ್ಕಿಂತ ಮುಖ್ಯ ನಳಿಕೆಯ ತುದಿ ಹೇಗಿರಬೇಕು, ಟಿ ಒಳಗೆ ಎಲ್ಲಿ ಏನನ್ನು ತಾಗಿರಬೇಕು ಎಂಬುದು. ಅದನ್ನು ಇಲ್ಲಿ ಹೇಳುವುದಿಲ್ಲ. ಅದಕ್ಕೆ ನನ್ನ ಎರಡು ಬೇಸಿಗೆ ಹೋಗಿದೆ. ಪುಣೆಗೆ ಬಂದರೆ ತೋರಿಸುತ್ತೇನೆ, ಫೋಟೋ ತೆಗೆಯಬಾರದು. ಎರಡು ಕ್ಯಾಲಿಬ್ರೇಶನ್ ನಡುವಿನ ಹನ್ನೆರಡು ಗಂಟೆ ತುದಿ ಒಣಗದಂತೆ ಏನು ಮಾಡುತ್ತೇನೆ ಎಂಬುದೂ ಅದೇ ಲೆಕ್ಕಕ್ಕೆ.

ಪಂಪಿನ ಸ್ಟಾರ್ಟ್ ಬಟನ್ನಿನ ಹಿಂದೆ ಎರಡು ವೈರು ಬೆಸೆದು ರಿಲೇಗೆ ಕೊಟ್ಟಿದ್ದೇನೆ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ತಾನೇ ಓಡುತ್ತದೆ. ಶುರುವಿನ ದಿನಗಳಲ್ಲಿ ಅದು ಮಧ್ಯರಾತ್ರಿ ಹನ್ನೆರಡಕ್ಕಿತ್ತು. ಒಂದು ರಾತ್ರಿ ನಳಿಕೆ ಕಟ್ಟಿಕೊಂಡು ಪಂಪಿನ ಅಲಾರಂ ಹೊಡೆದುಕೊಂಡಿತು. ವಾಚ್‌ಮನ್ ಕಾಕಾ ಬೆಂಕಿ ಎಂದು ತಿಳಿದು ಮೂರು ಮಹಡಿ ಓಡಿ ಹತ್ತಿ, ನನಗೆ ಫೋನ್ ಮಾಡಿ, ಆಮೇಲೆ ಒಂದು ತಿಂಗಳು ಮಾತು ಬಿಟ್ಟಿದ್ದರು. ಕಟ್ಟಿಕೊಂಡದ್ದು ಏಕೆಂದರೆ ನಲ್ಲಿ ನೀರನ್ನು ಹಾಗೇ ಹಾಕಿದ್ದೆ. ಉಪ್ಪು ತುದಿಯಲ್ಲಿ ಕೂತಿತು. ಸ್ಟ್ಯಾಂಡರ್ಡಿಗೆ ಯಾವ ನೀರಾದರೂ ಆಗಲಿ, ಮೊದಲು ಬಟ್ಟಿ ಇಳಿಸಿ, ಆಮೇಲೆ ಅದರ ಡೆಲ್ಟಾ ಗೊತ್ತುಮಾಡಿ.

ಒಣ ಗಾಳಿಯದೇ ಒಂದು ಕಥೆ. ಸಿಲಿಂಡರ್ ಸಾರಜನಕ ಒಣಗಿರುತ್ತದೆ, ಶುದ್ಧ, ಅಂತ ಎಂಟು ತಿಂಗಳು ಅದನ್ನೇ ಬಳಸಿದೆ. ಕೋಲ್ಡ್ ಟ್ರ್ಯಾಪಿಗೆ ಹೋಲಿಸಿದರೆ ಒಂದೇ ಕಡೆಗೆ ಅರ್ಧ ಪರ್ಮಿಲ್‌ಗಿಂತ ಹೆಚ್ಚು ವಾಲುತ್ತಿತ್ತು. ಹಿರಿಯರು ‘ನಾನು ಹೇಳಿರಲಿಲ್ಲವೇ’ ಅಂದದ್ದು ಆಗಲೇ. ಒಂದು ದಿನ ಸಾರಜನಕ ತೆಗೆದು ಒಣಗಿಸಿದ ಗಾಳಿ ಕೊಟ್ಟೆ: ಅದೇ ನೀರು, ಅದೇ ಪಿಪಿಎಂ, ಡೆಲ್ಟಾ ಮಾತ್ರ ಬೇರೆ. ನೀರು ಲೇಸರ್ ಬೆಳಕನ್ನು ಹೀರುವ ಗೆರೆಗಳನ್ನು ಸಾರಜನಕ ಆಮ್ಲಜನಕಕ್ಕಿಂತ ಜಾಸ್ತಿ ಅಗಲಿಸುತ್ತದೆ. ಗಾಳಿ ಅಳೆಯುವ ಯಂತ್ರಕ್ಕೆ ಗಾಳಿಯನ್ನೇ ಕೊಡಬೇಕು. ಪುಸ್ತಕದಲ್ಲಿ ಇರುವ ಮಾತೇ, ಆದರೆ ಎಂಟು ತಿಂಗಳ ಸಿಲಿಂಡರ್ ಬಾಡಿಗೆ ಕೊಟ್ಟ ಮೇಲೆ ಅರ್ಥವಾಯಿತು.

ಹಲ್ಲಿನ ಡಾಕ್ಟರುಗಳು ಬಳಸುವ ಎಣ್ಣೆಯಿಲ್ಲದ ಕಂಪ್ರೆಸರು ತಂದೆ, ಇಪ್ಪತ್ತೆರಡು ಸಾವಿರ, ಇಡೀ ಕೆಲಸದಲ್ಲಿ ಅದೇ ದುಬಾರಿ. ಬರೀ ನೀಲಿ ಸಿಲಿಕಾ ಜೆಲ್ ಸಾಲದು. ಜುಲೈಯಲ್ಲಿ ಬೆಳಿಗ್ಗೆ ತುಂಬಿದ ನೀಲಿ ಮಧ್ಯಾಹ್ನದ ಊಟಕ್ಕೆ ಮುಂಚೆ ಗುಲಾಬಿ. ಅದು ನೀಲಿಯಿದ್ದಾಗಲೂ 300 ಪಿಪಿಎಂ ಉಳಿಯುತ್ತಿತ್ತು. 20,000ದಲ್ಲಿ ಮುನ್ನೂರು ಅಂದರೆ ನೂರಕ್ಕೆ ಒಂದೂವರೆ ಪಾಲು, ಡ್ಯುಟೀರಿಯಂ ಒಂದೂವರೆ ಪರ್ಮಿಲ್ ಕೆಡಿಸಲು ಅಷ್ಟು ಸಾಕು. ಅದರ ಹಿಂದೆ ಮಾಲಿಕ್ಯುಲರ್ ಸೀವ್ (ಇನ್ನೂ ಚೆನ್ನಾಗಿ ನೀರು ಹೀರುವ ಕಾಳು) ಹಾಕಿದ ಮೇಲೆ ಐವತ್ತರ ಕೆಳಗೆ ಬಂತು.

ಸ್ಟ್ಯಾಂಡರ್ಡ್ ನೀರಿಗೆ ಬರೋಣ. ಜಗತ್ತಿಗೆಲ್ಲ ಅಳತೆಗೋಲಾಗಿ ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯಿಂದ ಬರುವ ನೀರು, ವಿಸ್ಮೋ-2, ಇಪ್ಪತ್ತು ಮಿಲಿಯ ಗಾಜಿನ ಕುಡಿಕೆ, ಮೂರು ವರ್ಷಕ್ಕೊಂದು. ಅದನ್ನು ದಿನಕ್ಕೆರಡು ಸಲ ಸುಡಲಾಗುವುದಿಲ್ಲ. ಪುಣೆಯ ನಲ್ಲಿ ನೀರು, ಅಂದರೆ ಖಡಕವಾಸಲಾ ಅಣೆಕಟ್ಟಿನದು, ಆಕ್ಸಿಜನ್-18ರ ಡೆಲ್ಟಾದಲ್ಲಿ ನನ್ನ ಲೆಕ್ಕಕ್ಕೆ ಮೈನಸ್ 1.5 ಸುತ್ತ. ಆವಿ ಇರುವುದು ಮೈನಸ್ 10ರಿಂದ 20. ಹಾಗಾಗಿ ಹಗುರ ನೀರು ಬೇಕು. ಎತ್ತರದ ಹಿಮ ಕರಗಿದ ನೀರು ಹಗುರ, ಆದರೆ ಹಿಮಾಲಯಕ್ಕೆ ಹೋಗಲು ಟಿಎ (ಪ್ರಯಾಣ ಭತ್ಯೆ) ಇಲ್ಲ. ಆಗ ನೆನಪಾದದ್ದು 2016ರಿಂದ ಅಂಚೆ ಕಚೇರಿಯಲ್ಲೇ ಮಾರುವ ಗಂಗಾಜಲ. ಗಂಗೋತ್ರಿಯದು ಅಂತ ಬರೆದಿರುವ ಬಾಟಲಿ ಇಪ್ಪತ್ತು ತಂದೆ. ಧಾರವಾಡದಿಂದ ಬಂದಿದ್ದ ನಮ್ಮವ್ವ ಡಬ್ಬಿ ನೋಡಿ, ‘ಗಂಗಾನ್ನ ಸೂಜಿಯೊಳಗ ತುಂಬತೀಯೇನೋ, ದೇವರ ಮುಂದ ಇಡೂದು ಬಿಟ್ಟು?’ ಅಂದಳು. ಒಂದು ಬಾಟಲಿ ದೇವರ ಗೂಡಿಗೆ ಹೋಯಿತು, ಹತ್ತೊಂಬತ್ತು ಬಟ್ಟಿಗೆ. ತಳದಲ್ಲಿ ಸಣ್ಣ ರೇತಿ ಉಳಿಯಿತು. ಗೆಳೆಯನ ಲ್ಯಾಬಿನ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಳೆಸಿದರೆ ಮೈನಸ್ 13ರ ಆಸುಪಾಸು. ಗಂಗೋತ್ರಿಯದೇ ಹೌದು ಅನ್ನಿ.

ಇನ್ನೂ ಹಗುರ ಬೇಕಾಗಿ ಒಂದು ಕಿತಾಪತಿ ಮಾಡಿದೆ. ಗಂಗಾಜಲದ ಮೇಲೆ ಕೋಣೆಯ ಉಷ್ಣಾಂಶದಲ್ಲೇ ಒಣ ಗಾಳಿ ಹಾಯಿಸಿ, ಎದ್ದ ಆವಿಯನ್ನಷ್ಟೇ ಹಳೆಯ ಕೋಲ್ಡ್ ಟ್ರ್ಯಾಪಿನಲ್ಲಿ ಹಿಡಿದೆ. ಎರಡು ದಿನಕ್ಕೆ ನೂರು ಮಿಲಿ, ಮೈನಸ್ 28ರ ಹತ್ತಿರ. ಡಿ-ಎಕ್ಸೆಸ್ ಯಾವ ಆಕಾಶದಲ್ಲೂ ಇಲ್ಲದಂಥದ್ದು. ಇರಲಿ, ಸ್ಟ್ಯಾಂಡರ್ಡು ಚೆಂದ ಇರಬೇಕಾಗಿಲ್ಲ, ಅದರ ಡೆಲ್ಟಾ ಗೊತ್ತಿರಬೇಕು.

ಪಿಪಿಎಂ ಬದಲಾದಂತೆ ಯಂತ್ರ ಓದುವ ಡೆಲ್ಟಾ ಎಷ್ಟು ತಪ್ಪುತ್ತದೆ ಎಂಬ ಗ್ರಾಫಿಗೆ, ಅಂದರೆ ಕಾನ್ಸಂಟ್ರೇಶನ್ ಕರ್ವಿಗೆ, ಮೂರು ರಾತ್ರಿ ಸಾಕು ಎಂದುಕೊಂಡಿದ್ದೆ, ಹನ್ನೊಂದಾದವು. 8,000 ಪಿಪಿಎಂ ಕೆಳಗೆ ಅದು ಬಾಗುತ್ತದೆ. ಗಂಗಾಜಲಕ್ಕೊಂದು ಬಾಗು, ನಲ್ಲಿ ನೀರಿಗೊಂದು ಬಾಗು ಎಂಬುದನ್ನು ಮಾತ್ರ ಮರೆಯಬೇಡಿ. ಒಂದರ ಕರ್ವ್ ಇನ್ನೊಂದಕ್ಕೆ ಹಚ್ಚಿ ಫೆಬ್ರವರಿಯ ಡೇಟಾ ತಿದ್ದಿದವರನ್ನು ನಾನು ಬಲ್ಲೆ. ಅವರಲ್ಲಿ ನಾನೂ ಒಬ್ಬ.

ಯಂತ್ರ ಬಿಡುವಾಗಿದ್ದಾಗ ಕಂಡದ್ದನ್ನೆಲ್ಲ ಅದಕ್ಕೆ ಉಣಿಸಿದ್ದೇನೆ. ಏಪ್ರಿಲ್‌ನಲ್ಲಿ ನಮ್ಮ ಮನೆಯ ಮಣ್ಣಿನ ಮಡಕೆಯ ನೀರನ್ನು ದಿನಾ ಒಂದು ಮಿಲಿ ತಂದು ಅಳೆದೆ. ಹೊಸ ನೀರು ಸುರಿಯದೆ ಬಿಟ್ಟರೆ ದಿನಕ್ಕೆ ಒಂದೂವರೆ, ಎರಡು ಪರ್ಮಿಲ್ ಏರುತ್ತದೆ. ತಂಪಾಗುವ ಬೆಲೆ ಅದು. ನಾಲ್ಕನೆಯ ದಿನ ಮನೆಯಾಕೆ ಮಡಕೆ ತೊಳೆದು ತುಂಬಿಸಿದಳು, ಗ್ರಾಫ್ ಅಲ್ಲಿಗೆ ನಿಂತಿದೆ. ಎಸಿಯಿಂದ ತೊಟ್ಟಿಕ್ಕುವ ನೀರೂ ಕೆಲಸಕ್ಕೆ ಬರುತ್ತದೆ. ತಣ್ಣನೆ ಕಾಯಿಲಿನ ಉಷ್ಣಾಂಶ ಹಿಡಿದು ಹನಿಗೂ ಆವಿಗೂ ಸಮತೋಲದಲ್ಲಿ ಇರಬೇಕಾದ ವ್ಯತ್ಯಾಸ ಕಳೆದರೆ ಕೋಣೆಯ ಆವಿಗೆ ಒಂದು ಪರ್ಮಿಲ್ ಒಳಗೆ ಬಂತು. ಲೇಸರ್ ಇಲ್ಲದ ಕಾಲೇಜಿನವರು ಬಕೆಟ್ ಇಟ್ಟುಕೊಂಡು ಒಂದು ಸೀಸನ್ ನೋಡಬಹುದು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಹತ್ತು ಜನ ಕೂತಿದ್ದರೆ ಮಾತ್ರ ಅದು ಆಕಾಶದ ಆವಿಯಲ್ಲ, ಅವರ ಉಸಿರು.

ಒಂದು ಸಲ ಕೋಲ್ಡ್ ಟ್ರ್ಯಾಪಿನ ಹುಡುಗ ಡ್ರೈ ಐಸಿಗೆ ಆಲ್ಕೋಹಾಲ್ ಸುರಿಯುವುದನ್ನು ಸರಿಯಾಗಿ ಕಂಬದ ಬುಡದಲ್ಲೇ ಮಾಡಿದ. ಆಲ್ಕೋಹಾಲಿನ ಆವಿ ಹೊಕ್ಕು ಕೆಳಗೆ ಯಂತ್ರದಲ್ಲಿ ಡ್ಯುಟೀರಿಯಂ ಕುಣಿದಾಡಿತು. ಅಂದಿನಿಂದ ಆ ಕೆಲಸ ಗಾಳಿಯ ಕೆಳಬದಿಗೆ, ನೀರಿನ ಟಾಂಕಿಯ ಆಚೆ.

ಇಷ್ಟೆಲ್ಲ ಯಾಕೆ ಅನ್ನುವವರಿಗೆ ಒಂದು ಸಂಜೆ ಸಾಕು. ಇಲ್ಲಿಯ ಮರಾಠಿ ಜನ ‘ವಳೀವ’ ಅನ್ನುವ ಮೇ ತಿಂಗಳ ಗುಡುಗು ಮಳೆ. ನಾಲ್ಕೂವರೆಗೆ ಸಿಂಹಗಡದ ಕಡೆ ಕಪ್ಪಾಯಿತು, ಐದಕ್ಕೆ ಧೂಳಿನ ಗಾಳಿ ಬಂತು. ಹನಿ ಬೀಳುವ ಮುಂಚೆಯೇ ಸ್ಕ್ರೀನಿನಲ್ಲಿ ಆಕ್ಸಿಜನ್-18 ಜಾರತೊಡಗಿತು. ಇಪ್ಪತ್ತು ನಿಮಿಷದಲ್ಲಿ ಮೂರು ಪರ್ಮಿಲ್ ಕೆಳಗೆ, ಮೇಲಿನಿಂದ ಕುಸಿದ ತಣ್ಣನೆ ಗಾಳಿಯ ಜೊತೆ ಹಗುರ ಆವಿ. ಆಮೇಲೆ ಮಳೆ ಶುರುವಾಯಿತು, ನಾವೆಲ್ಲ ಕಿಟಕಿಗೆ ಹೋಗುವುದು ಬಿಟ್ಟು ಸ್ಕ್ರೀನ್ ನೋಡುತ್ತಿದ್ದೆವು. ಎರಡು ಗಂಟೆಗೆ ಎರಡು ಮಿಲಿ ಹಿಡಿಯುವ ಟ್ರ್ಯಾಪಿನಲ್ಲಿ ಇದೆಲ್ಲ ಕಲಸಿ ಒಂದೇ ಸಂಖ್ಯೆಯಾಗುತ್ತದೆ. ಆಗಸ್ಟ್‌ನಲ್ಲಿ ಬಂಗಾಳ ಕೊಲ್ಲಿಯ ಒಂದು ಡಿಪ್ರೆಶನ್ (ವಾಯುಭಾರ ಕುಸಿತ) ಮಧ್ಯ ಭಾರತ ದಾಟಿದಾಗ ಪುಣೆಯ ಆವಿ ಒಂದೂವರೆ ದಿನದಲ್ಲಿ ಮೈನಸ್ 11ರಿಂದ 19ಕ್ಕೆ ಇಳಿಯಿತು. ಟ್ರ್ಯಾಪಿನಲ್ಲಿ ಅದು ಮೂರು ಚುಕ್ಕಿ. ನನ್ನಲ್ಲಿ ಎರಡು ಸಾವಿರ. 1961ರಲ್ಲಿ ಭೂರಸಾಯನ ವಿಜ್ಞಾನಿ ಹಾರ್ಮನ್ ಕ್ರೇಗ್ ಮಳೆ, ನದಿ ನೀರಿನ ಡ್ಯುಟೀರಿಯಂ, ಆಕ್ಸಿಜನ್-18 ಡೆಲ್ಟಾಗಳನ್ನು ಜೋಡಿಸಿ ಎಳೆದ ಎಂಟರ ಇಳಿಜಾರಿನ ಗೆರೆಯ ಪಕ್ಕ ಅವನ್ನಿಟ್ಟು ನೋಡಿದಾಗ ಹುಟ್ಟಿದ ಪ್ರಶ್ನೆಗಳಿಗೆ ಬೇರೆ ಪೇಪರೇ ಬೇಕು.

ಕ್ಯಾಲಿಬ್ರೇಟರಿಗೆ ಆದ ಒಟ್ಟು ಖರ್ಚು ಎಪ್ಪತ್ತು ಸಾವಿರ ಚಿಲ್ಲರೆ. ಪಿಎಫ್‌ಎ, ಪಕ್ಕದ ಪಂಪು ಸೇರಿಸಿಲ್ಲ, ಹಾಳುಮಾಡಿದ ನಾಲ್ಕು ಗಾಜಿನ ಸಿರಿಂಜು ಸೇರಿಸಿದ್ದೇನೆ. ಸಿರಿಂಜು ಒಮ್ಮೆ ತುಂಬಿದರೆ ಮೂರು ದಿನ. ಹಬ್ಬದ ರಜೆಯಲ್ಲೂ ಮೂರನೇ ದಿನ ಯಾರಾದರೂ ಬಂದು ತುಂಬಲೇಬೇಕು, ಅದೊಂದು ಇನ್ನೂ ಬಗೆಹರಿದಿಲ್ಲ. ದೊಡ್ಡ ಸಿರಿಂಜು ಹಾಕಿದರೆ ಗರಗಸದ ಹಲ್ಲು ಮತ್ತೆ ಬರುತ್ತದೆ. ಹೋದ ವಾರ ಹಿರಿಯರು ತಮ್ಮ ಹುಡುಗನ ಕೈಯಲ್ಲಿ ಒಂದು ಹಳೆಯ ಸಿರಿಂಜ್ ಪಂಪು ಕಳಿಸಿದ್ದಾರೆ, ‘ಇದಕ್ಕೂ ಒಂದು ತೋಳು ಮಾಡಿಸಿಕೊಡಿ’ ಅಂತ ಚೀಟಿ ಅಂಟಿಸಿ. ಭಾನುವಾರ ಭೋಸರಿಗೆ ಹೋಗಬೇಕು.